ನಲವತ್ತರಲ್ಲಿ ಹಾಕಿ ಸ್ಟಿಕ್ ಹಿಡಿದವರಿಗೆ

ಐಸ್ ಹಾಕಿ ಪಂದ್ಯ ಎಂದರೆ 20 ನಿಮಿಷದ ಮೂರು ಅವಧಿ, ಒಟ್ಟು 60 ನಿಮಿಷ. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನಲ್ಲಿ ಗೋಲ್‌ಕೀಪರ್‌ಗಳನ್ನು ಬಿಟ್ಟು ಒಂದು ತಂಡಕ್ಕೆ 18 ಆಟಗಾರರು. ಎರಡೂ ಕಡೆ ಸೇರಿದರೆ 36 ಜನ, ಅಷ್ಟೂ ಜನರ ನಡುವೆ ಕಪ್ಪು ರಬ್ಬರಿನ ಪಕ್ ಒಂದೇ. ಅದನ್ನು ಎಲ್ಲರಿಗೂ ಸಮನಾಗಿ ಹಂಚಿದರೂ ತಲೆಗೆ ಎರಡು ನಿಮಿಷ ಬರುವುದಿಲ್ಲ. ನಮ್ಮ ಮೈದಾನದ ಹಾಕಿಯ ಲೆಕ್ಕವೂ ಹೆಚ್ಚೇನೂ ಬೇರೆಯಲ್ಲ: 15 ನಿಮಿಷದ ನಾಲ್ಕು ಅವಧಿ, ಮೈದಾನದಲ್ಲಿ 22 ಜನ, ತಲೆಗೆ ಮೂರು ನಿಮಿಷಕ್ಕೂ ಕಡಿಮೆ. ಚೆಂಡು ಯಾರ ಸ್ಟಿಕ್ಕಿಗೂ ಸಿಗದೆ ಉರುಳುವ ಹೊತ್ತನ್ನು ಕಳೆದರೆ ಅದೂ ಇಲ್ಲ.

ಮೂವತ್ತೈದು, ನಲವತ್ತು ದಾಟಿದ ಮೇಲೆ ಹಾಕಿ ಕಲಿಯಲು ಹೊರಟವರು ಮೊದಲು ಈ ಲೆಕ್ಕ ಹಾಕಿಕೊಳ್ಳಬೇಕು. ಹೆಚ್ಚಿನವರು ಹಾಕಿಕೊಳ್ಳುವುದಿಲ್ಲ. ವಾರಕ್ಕೊಂದು ಪಂದ್ಯ ಆಡುತ್ತಾ ಹೋದರೆ ಆಟ ತಾನಾಗಿ ಬರುತ್ತದೆ ಎಂದು ನಂಬುತ್ತಾರೆ. ವರ್ಷ ಕಳೆದರೂ ಚೆಂಡು ಕಾಲಿಗೆ ತಾಗಿ ಹೊರಗೆ ಹೋಗುತ್ತಲೇ ಇರುತ್ತದೆ. ಆಗ 'ವಯಸ್ಸಾಯ್ತು ಬಿಡಿ' ಎಂಬ ತೀರ್ಮಾನ ಬಹಳ ಸುಲಭವಾಗಿ ಬಂದುಬಿಡುತ್ತದೆ. ತಪ್ಪು ವಯಸ್ಸಿನದಲ್ಲ. ವರ್ಷವಿಡೀ ಆಡಿದರೂ ಚೆಂಡಿನ ಜೊತೆ ಕಳೆದ ಸಮಯ ಒಂದು ಸಿನಿಮಾದಷ್ಟೂ ಉದ್ದ ಇರುವುದಿಲ್ಲ.

ಮಂಡ್ಯ ಜಿಲ್ಲೆಯಲ್ಲಿ ಕುಳಿತು ಐಸ್ ಹಾಕಿಯ ಮಾತು ಯಾಕೆ ಎಂದು ಕೇಳಬಹುದು. ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟ ಹೊಯ್ಸಳ ಶೈಲಿಯ ಲಕ್ಷ್ಮೀನಾರಾಯಣ ದೇವಸ್ಥಾನವಿರುವ ಊರು. ಸುತ್ತ ಕಬ್ಬು, ಭತ್ತ, ತೆಂಗು. ನೀರು ಹೆಪ್ಪುಗಟ್ಟುವ ಚಳಿ ಅಲ್ಲಿ ಯಾರೂ ಕಂಡಿಲ್ಲ. ಆದರೆ ಈ ಸೀಮೆಯ ಮಕ್ಕಳು, ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದವರು, ಈಗ ಕೆನಡಾದಲ್ಲೂ ಅಮೆರಿಕದ ಉತ್ತರದ ರಾಜ್ಯಗಳಲ್ಲೂ ಮನೆ ಮಾಡಿದ್ದಾರೆ. ಅಲ್ಲಿ ಚಳಿಗಾಲದಲ್ಲಿ ಮಕ್ಕಳ ಕೈಗೆ ಮೊದಲು ಬರುವ ಆಟದ ಸಾಮಾನು ಸ್ಕೇಟ್ ಮತ್ತು ಸ್ಟಿಕ್. ಮಗುವನ್ನು ರಿಂಕಿಗೆ ಬಿಡಲು ಹೋಗುವ ಅಪ್ಪ, ಅಮ್ಮ ಗಾಜಿನ ಈಚೆ ಕುಳಿತು ಒಂದು ಚಳಿಗಾಲ ನೋಡಿ, ಮುಂದಿನ ಚಳಿಗಾಲಕ್ಕೆ ದೊಡ್ಡವರ ಕಲಿಕಾ ತರಗತಿಗೆ ತಾವೂ ಸೇರುತ್ತಾರೆ. ಊರಿಗೆ ಫೋನ್ ಮಾಡಿ ಹೇಳಿದರೆ ಈ ಕಡೆಯಿಂದ ಬರುವ ಮೊದಲ ಮಾತು, 'ಈ ವಯಸ್ನಲ್ಲಿ ಕೈಕಾಲ್ ಮುರ್ಕಂಡ್ರೆ ಯಾರಪ್ಪ ನೋಡೋರು?'

ಆ ಮಾತಿಗೆ ಉತ್ತರ ಹುಡುಕಿಕೊಂಡು ಟೊರಾಂಟೊಗೆ ಹೋಗಬೇಕಿಲ್ಲ, ಕೊಡಗಿಗೆ ಹೋದರೆ ಸಾಕು.

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರುಮಾಡಿದಾಗ ಬಂದಿದ್ದು 60 ತಂಡ. ಒಂದು ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಒಂದು ತಂಡ, ಪ್ರತಿ ವರ್ಷ ಒಂದೊಂದು ಕುಟುಂಬ ಆತಿಥ್ಯ ವಹಿಸುವುದು, ಕಪ್ಪಿಗೆ ಆ ಕುಟುಂಬದ ಹೆಸರು. ನಡುವೆ ಕೊರೊನಾ ಬಂದು ಕೆಲ ವರ್ಷ ನಿಂತರೂ ಹಬ್ಬ ಸೊರಗಲಿಲ್ಲ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಹೆಸರು ಕೊಟ್ಟವು, ಗಿನ್ನೆಸ್ ದಾಖಲೆಯೂ ಬಂತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ನಲ್ಲಿ ಆ ಸಂಖ್ಯೆ 396 ಆಯಿತು.

ಈ ಅಂಕಿಗಳನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದರ ಒಳಗಿನ ಇನ್ನೊಂದು ಸಂಗತಿ ಹೆಚ್ಚು ದೊಡ್ಡದಾಗಿ ಕಾಣುತ್ತದೆ. 396 ತಂಡ ಎಂದರೆ ಹನ್ನೊಂದರ ಲೆಕ್ಕದಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಆಟಗಾರರು ಬೇಕು. ಪುಟ್ಟ ಜಿಲ್ಲೆಯ ಒಂದು ಸಮುದಾಯದಲ್ಲಿ ಅಷ್ಟು ಜನ ನುರಿತ ಆಟಗಾರರು ಎಲ್ಲಿಂದ ಬರಬೇಕು? ಬರುವುದಿಲ್ಲ. ತಂಡ ತುಂಬಬೇಕಾದರೆ ಕಾಫಿ ತೋಟ ನೋಡಿಕೊಳ್ಳುವ ಚಿಕ್ಕಪ್ಪ, ಬೆಂಗಳೂರಿನ ಕಚೇರಿಯಿಂದ ರಜೆ ಹಾಕಿ ಬಂದ ಅಕ್ಕ, ನಿವೃತ್ತ ಸುಬೇದಾರರು, ಏಳನೇ ತರಗತಿಯ ಹುಡುಗ, ಎಲ್ಲರೂ ಇಳಿಯಬೇಕು. ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಆಡುತ್ತಾರೆ. ರಾಷ್ಟ್ರೀಯ ತಂಡಕ್ಕೆ ಆಡಿದವರು ಇರುವ ಮನೆತನಕ್ಕೂ, ಸ್ಟಿಕ್ ಹಿಡಿದು ಎರಡು ವಾರವಾದವರು ಇರುವ ಮನೆತನಕ್ಕೂ ಅದೇ ಮೈದಾನ, ಅದೇ ಶಿಳ್ಳೆ. ದೊಡ್ಡವರಾದ ಮೇಲೆ ಆಟ ಕಲಿಯಲು ಶುರುಮಾಡುವುದು ನಾಚಿಕೆಯ ವಿಷಯವಲ್ಲ ಎಂಬುದನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ರೂಢಿ ಮಾಡಿಕೊಂಡ ಇನ್ನೊಂದು ಜಾಗ ಕರ್ನಾಟಕದಲ್ಲಿ ನನಗೆ ಗೊತ್ತಿಲ್ಲ.

ಕೊಡಗಿನ ದೊಡ್ಡ ಹೆಸರುಗಳಲ್ಲೂ ಇದಕ್ಕೆ ಸಾಕ್ಷಿ ಇದೆ. ಎಂ.ಪಿ. ಗಣೇಶ್ 1946ರಲ್ಲಿ ಹುಟ್ಟಿದವರು. 1960ರ ದಶಕದ ಮೊದಲ ವರ್ಷಗಳಲ್ಲಿ ಅವರು ಕೊಡಗು ಜಿಲ್ಲೆಗೆ ಆಡಿದ್ದು ಫುಟ್‌ಬಾಲ್. ಸೇನೆಗೆ ಸೇರಿದ ಮೇಲೆ, ಇಪ್ಪತ್ತರ ಆಸುಪಾಸಿನಲ್ಲಿ, ಸರ್ವಿಸಸ್ ತಂಡದಲ್ಲಿ ಹಾಕಿಗೆ ಬಂದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಕಂಚು ಗೆದ್ದ ತಂಡದಲ್ಲಿದ್ದರು, 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕರಾದರು. ಇಪ್ಪತ್ತಕ್ಕೂ ನಲವತ್ತಕ್ಕೂ ವ್ಯತ್ಯಾಸ ಇದೆ, ನಿಜ. ಆದರೂ ಆರು ವರ್ಷಕ್ಕೆ ಸ್ಟಿಕ್ ಹಿಡಿಯದವರಿಗೆ ಹಾಕಿ ಒಲಿಯುವುದಿಲ್ಲ ಎಂಬ ಮಾತಿಗೆ ಬುಡವಿಲ್ಲ ಎಂಬುದಂತೂ ಖಚಿತ.

ಇನ್ನು ಕಲಿಯುವ ಬಗೆ.

ಹೊಸದಾಗಿ ಕಲಿಯುವ ದೊಡ್ಡವರನ್ನು ಗಮನಿಸಿ ನೋಡಿ. ಸ್ಟಿಕ್ ಹಿಡಿದ ಬೆರಳುಗಳು ಬೆಳ್ಳಗಾಗಿರುತ್ತವೆ, ಭುಜ ಕಿವಿಯ ಹತ್ತಿರ ಏರಿರುತ್ತದೆ, ಸೊಂಟ ಅಲುಗುವುದಿಲ್ಲ, ಮಂಡಿ ಮಡಚುವುದಿಲ್ಲ, ಕಣ್ಣು ಚೆಂಡಿನಿಂದ ಮೇಲೇಳುವುದಿಲ್ಲ. ಮೊದಲ ಸಲ ಸೈಕಲ್ ಹತ್ತಿದವರು ಹ್ಯಾಂಡಲ್ ಹಿಡಿದಂತೆ ಇಡೀ ಮೈ ಒಂದು ಕೊರಡು. ರಷ್ಯಾದ ಶರೀರ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ಕಳೆದ ಶತಮಾನದಲ್ಲೇ ಇದಕ್ಕೆ ಕಾರಣ ಹೇಳಿದ್ದರು. ಮೈಯಲ್ಲಿ ಕೀಲುಗಳು ಹಲವು, ಒಂದೊಂದೂ ಹಲವು ದಿಕ್ಕಿಗೆ ತಿರುಗುತ್ತದೆ. ಹೊಸ ಕೆಲಸಕ್ಕೆ ಕೈಹಾಕಿದಾಗ ಅಷ್ಟನ್ನೂ ಒಟ್ಟಿಗೆ ಸಂಭಾಳಿಸಲಾಗದೆ ಮೆದುಳು ಕೆಲವನ್ನು ಬಿಗಿದು ಹಾಕಿಬಿಡುತ್ತದೆ. ಅಭ್ಯಾಸ ಆದಂತೆ ಒಂದೊಂದಾಗಿ ಬಿಚ್ಚುತ್ತದೆ. ಅಂದರೆ ಬಿಗಿತ ಕಲಿಕೆಯ ಮೊದಲ ಮೆಟ್ಟಿಲು, ಅಸಾಮರ್ಥ್ಯದ ಗುರುತಲ್ಲ. ಆದರೆ ಪಂದ್ಯದ ಗಲಾಟೆಯಲ್ಲಿ ಅದು ಬಿಚ್ಚುವುದಿಲ್ಲ. ಎದುರಾಳಿ ಮೈಮೇಲೆ ಬರುತ್ತಿರುವಾಗ ಮೈ ಇನ್ನಷ್ಟು ಬಿಗಿಯುತ್ತದೆ. ಅದಕ್ಕೇ ಪಂದ್ಯದ ಹೊರಗೆ, ಯಾರೂ ಅಟ್ಟಿಸಿಕೊಂಡು ಬರದ ಜಾಗದಲ್ಲಿ, ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಚೆಂಡಿನ ಜೊತೆ ಒಬ್ಬರೇ ಇರಬೇಕು. ಇಪ್ಪತ್ತು ನಿಮಿಷದಲ್ಲಿ ಚೆಂಡು ಸ್ಟಿಕ್ಕಿಗೆ ತಾಗುವಷ್ಟು ಸಲ ಒಂದು ತಿಂಗಳ ಪಂದ್ಯಗಳಲ್ಲಿ ತಾಗುವುದಿಲ್ಲ.

ಮಧ್ಯವಯಸ್ಸಿನ ಮೆದುಳಿಗೆ ಹೊಸದು ಹತ್ತುವುದಿಲ್ಲ ಎಂಬ ಭಯ ಇದ್ದವರಿಗೆ ಜರ್ಮನಿಯ ಒಂದು ಅಧ್ಯಯನದ ಮಾತು. 2004ರಲ್ಲಿ ಅಲ್ಲಿನ ಸಂಶೋಧಕರು ಯುವಜನರಿಗೆ ಮೂರು ಚೆಂಡನ್ನು ಗಾಳಿಯಲ್ಲಿ ಆಡಿಸುವುದನ್ನು ಮೂರು ತಿಂಗಳು ಕಲಿಸಿ, ಮೆದುಳಿನ ಸ್ಕ್ಯಾನ್ ತೆಗೆದರು. ಚಲನೆಯನ್ನು ಕಣ್ಣಿನಿಂದ ಗ್ರಹಿಸುವ ಭಾಗ ದಪ್ಪಗಾಗಿತ್ತು. 2008ರಲ್ಲಿ ಅದನ್ನೇ ಅರವತ್ತರ ಆಸುಪಾಸಿನವರ ಮೇಲೆ ಮಾಡಿದರು. ಅವರು ಯುವಜನರಷ್ಟು ಚೆನ್ನಾಗಿ ಕಲಿಯಲಿಲ್ಲ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಮೆದುಳಿನ ಅದೇ ಭಾಗದಲ್ಲಿ ಅದೇ ಬಗೆಯ ಬದಲಾವಣೆ ಅವರಲ್ಲೂ ಕಂಡಿತು. ಆಟ ಬಿಟ್ಟು ಕೆಲವು ತಿಂಗಳಾದ ಮೇಲೆ ನೋಡಿದರೆ ಅದು ಇಳಿದಿತ್ತು. ಬಿಟ್ಟರೆ ಹೋಗುತ್ತದೆ, ಹಿಡಿದರೆ ಬರುತ್ತದೆ, ಯಾವ ವಯಸ್ಸಿನಲ್ಲೂ.

ಅಭ್ಯಾಸದಲ್ಲೂ ಒಂದು ಸೂಕ್ಷ್ಮ ಇದೆ. ಚೆಂಡನ್ನು ತಳ್ಳುವ ಪುಶ್ ಒಂದನ್ನೇ ಐವತ್ತು ಸಲ, ಆಮೇಲೆ ಬಂದ ಚೆಂಡನ್ನು ತಡೆದು ನಿಲ್ಲಿಸುವ ಟ್ರ್ಯಾಪ್ ಐವತ್ತು ಸಲ ಎಂದು ಮಾಡಿದರೆ ಆ ಹೊತ್ತಿಗೆ ಬಹಳ ಚೆನ್ನಾಗಿ ಬಂದಂತೆ ಅನಿಸುತ್ತದೆ. ಒಂದು ಪುಶ್, ಒಂದು ಟ್ರ್ಯಾಪ್, ಒಂದು ತಿರುವು, ಮತ್ತೆ ಪುಶ್ ಎಂದು ಕಲಸಿ ಮಾಡಿದರೆ ಎಲ್ಲವೂ ಕೆಟ್ಟದಾಗಿ ಬಂದಂತೆ ಅನಿಸುತ್ತದೆ. ಆದರೆ ಕೆಲ ದಿನ ಬಿಟ್ಟು ಪರೀಕ್ಷಿಸಿದರೆ ಹೆಚ್ಚು ಉಳಿದಿರುವುದು ಎರಡನೆಯ ಬಗೆಯಲ್ಲಿ ಕಲಿತದ್ದೇ. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಅಮೆರಿಕದ ಸಂಶೋಧಕರು ಕೈಚಲನೆಯ ಪ್ರಯೋಗವೊಂದರಲ್ಲಿ ಇದನ್ನು ತೋರಿಸಿದರು. ಕೊಡಗಿನಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಆಡಿ ಬೆಳೆದವರಿಗೆ ಈ ಕಲಸುವಿಕೆ ತಾನಾಗಿ ಸಿಕ್ಕಿತು ಎಂದು ನಾನು ನಂಬುತ್ತೇನೆ. ಕೂಳೆಗೆ ಬಡಿದ ಚೆಂಡು ಎರಡು ಸಲ ಒಂದೇ ರೀತಿ ಬರುವುದಿಲ್ಲ. ಒಮ್ಮೆ ಮಣಿಕಟ್ಟಿಗೆ ಹಾರುತ್ತದೆ, ಒಮ್ಮೆ ಸತ್ತು ಬೀಳುತ್ತದೆ. ಪ್ರತಿ ಸಲವೂ ಸ್ಟಿಕ್ಕನ್ನು ಹೊಸದಾಗಿ ಒಡ್ಡಬೇಕು.

ಈಗ ಐಸಿಗೆ ಬರೋಣ, ಅಲ್ಲಿ ಕಷ್ಟ ಇನ್ನೊಂದು ಪಟ್ಟು. ಹುಲ್ಲಿನ ಮೇಲೆ ಓಡುವುದನ್ನು ಯಾರಿಗೂ ಕಲಿಸಬೇಕಿಲ್ಲ, ಐಸಿನ ಮೇಲೆ ನಿಲ್ಲುವುದನ್ನೇ ಮೊದಲು ಕಲಿಯಬೇಕು. ಸ್ಕೇಟಿನ ಬ್ಲೇಡು ಸುಮಾರು 3 ಮಿಲಿಮೀಟರ್ ದಪ್ಪ. ಅದರ ತಳ ಚಪ್ಪಟೆಯಲ್ಲ, ಉದ್ದಕ್ಕೂ ನಡುವೆ ಸಣ್ಣ ಕಾಲುವೆಯಂತೆ ಕೊರೆದಿರುತ್ತಾರೆ. ಹಾಗಾಗಿ ಒಂದು ಬ್ಲೇಡಿಗೆ ಎರಡು ಅಂಚು, ಒಳಗಿನದು ಮತ್ತು ಹೊರಗಿನದು. ಸ್ಕೇಟಿಂಗ್ ಪೂರ್ತಿ ಈ ನಾಲ್ಕು ಅಂಚುಗಳ ಆಟ. ನಡೆಯುವಾಗ ನೆಲವನ್ನು ಹಿಂದಕ್ಕೆ ಒದೆಯುತ್ತೇವೆ. ಐಸಿನ ಮೇಲೆ ಹಿಂದಕ್ಕೆ ಒದ್ದರೆ ಕಾಲು ಜಾರಿ ಮೂಗು ಕೆಳಗೆ. ಒಳ ಅಂಚನ್ನು ಊರಿ ಪಕ್ಕಕ್ಕೆ ತಳ್ಳಬೇಕು, ಆಗ ಮೈ ಮುಂದೆ ಹೋಗುತ್ತದೆ.

ನಿಲ್ಲುವುದು ಇದಕ್ಕಿಂತ ಕಷ್ಟ. ವೇಗವಾಗಿ ಹೋಗುತ್ತಿರುವಾಗ ಎರಡೂ ಬ್ಲೇಡನ್ನು ಒಮ್ಮೆಲೇ ಅಡ್ಡ ತಿರುಗಿಸಿ ಐಸನ್ನು ಕೆರೆದು ನಿಲ್ಲುತ್ತಾರೆ. ಬಿಳಿ ಪುಡಿ ಎರಚಿಕೊಂಡು ನಿಲ್ಲುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಹೊಸಬರು ಅಡ್ಡ ತಿರುಗಿಸುವ ಹೊತ್ತಿಗೆ ಮಂಡಿ ನೆಟ್ಟಗೆ ಮಾಡಿಬಿಡುತ್ತಾರೆ. ಅಂಚು ಕೆರೆಯುವ ಬದಲು ಐಸಿನಲ್ಲಿ ನೆಟ್ಟುಕೊಳ್ಳುತ್ತದೆ, ಕಾಲು ನಿಲ್ಲುತ್ತದೆ, ಮೈ ಮುಂದೆ ಹೋಗುತ್ತದೆ. ಮಂಡಿ ಚೆನ್ನಾಗಿ ಮಡಚಿ, ತಿರುಗಿಸುವ ಕ್ಷಣಕ್ಕೆ ಮೈಯನ್ನು ಸ್ವಲ್ಪ ಮೇಲೆತ್ತಿ ಭಾರ ಇಳಿಸಿ, ತಿರುಗಿದ ಕೂಡಲೇ ಮತ್ತೆ ಕುಳಿತು ಭಾರ ಹಾಕಬೇಕು. ಇದನ್ನು ಮೊದಲು ಗೋಡೆ ಹಿಡಿದು ನಿಂತಲ್ಲೇ, ಒಂದೇ ಕಾಲಿನಲ್ಲಿ ಐಸನ್ನು ತುರಿಯುತ್ತ ಕಲಿಯುತ್ತಾರೆ. ಪುಡಿ ಎದ್ದರೆ ಅಂಚು ಸರಿಯಾಗಿ ಕೆರೆಯುತ್ತಿದೆ ಎಂದರ್ಥ.

ಇಲ್ಲಿ ಇನ್ನೊಂದು ಸಂಶೋಧನೆ ನೇರವಾಗಿ ಕೆಲಸಕ್ಕೆ ಬರುತ್ತದೆ. ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಸ್ಕೀ ಅಭ್ಯಾಸದ ಯಂತ್ರದ ಮೇಲೆ ಜನರನ್ನು ನಿಲ್ಲಿಸಿದರು. ಒಂದು ಗುಂಪಿಗೆ ನಿಮ್ಮ ಪಾದದ ಒತ್ತಡವನ್ನು ಗಮನಿಸಿ ಎಂದರು, ಇನ್ನೊಂದಕ್ಕೆ ಪಾದದ ಕೆಳಗಿರುವ ಚಕ್ರದ ಮೇಲಿನ ಒತ್ತಡವನ್ನು ಗಮನಿಸಿ ಎಂದರು. ಚಕ್ರವನ್ನು ಗಮನಿಸಿದವರೇ ಚೆನ್ನಾಗಿ ಕಲಿತರು. ದೊಡ್ಡವರಿಗೆ ಇದು ಮುಖ್ಯ, ಯಾಕೆಂದರೆ ನಾವು ಎಲ್ಲವನ್ನೂ ವಿವರಣೆ ಕೇಳಿ ಕಲಿಯಲು ಹೋಗುತ್ತೇವೆ: ಮಂಡಿ ಎಷ್ಟು ಡಿಗ್ರಿ, ಸೊಂಟ ಎಲ್ಲಿ, ಹೆಬ್ಬೆರಳು ಯಾವ ಕಡೆ. ಅಷ್ಟನ್ನೂ ತಲೆಯಲ್ಲಿ ಹೊತ್ತುಕೊಂಡು ಯಾರೂ ಜಾರಲಾರರು. 'ಬ್ಲೇಡಿನಿಂದ ಐಸಿನ ಮೇಲೆ ಗೀರು ಎಳೆ' ಎಂಬ ಒಂದೇ ಮಾತು ಅಷ್ಟೂ ಸೂಚನೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಸಾಮಾನಿನ ವಿಷಯದಲ್ಲಿ ಎರಡು ಮಾತು. ಹಾಕಿ ಸ್ಕೇಟು ಸಾಮಾನ್ಯವಾಗಿ ನಮ್ಮ ಶೂ ಅಳತೆಗಿಂತ ಒಂದು, ಒಂದೂವರೆ ಅಳತೆ ಚಿಕ್ಕದು. ಶೂ ಅಳತೆಗೇ ಕೊಂಡರೆ ಪಾದ ಒಳಗೆ ಅಲ್ಲಾಡಿ ಕಣಕಾಲು ಒಳಕ್ಕೆ ಬಾಗುತ್ತದೆ. ಜನ ಅದನ್ನು ಕಾಲಿನ ದೌರ್ಬಲ್ಯ ಎಂದುಕೊಳ್ಳುತ್ತಾರೆ. ಇನ್ನು ಊರಿನಲ್ಲಿ ಮೈದಾನದ ಹಾಕಿ ಆಡಿ ಹೋದವರು ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿದೇ ಅಭ್ಯಾಸವಾದವರು. ಅವರು ಬಲಗಡೆಯ ಸ್ಟಿಕ್ ಕೊಳ್ಳಬೇಕು. ಮೈದಾನದಲ್ಲಿ ಸ್ಟಿಕ್ಕಿನ ದುಂಡನೆಯ ಹಿಂಬದಿಯಿಂದ ಆಡುವಂತಿಲ್ಲ. ಐಸಿನಲ್ಲಿ ಎರಡೂ ಬದಿ ಬಳಸಬಹುದು. ಮೈದಾನದಲ್ಲಿ ರಿವರ್ಸ್ ಸ್ಟಿಕ್, ಅಂದರೆ ಸ್ಟಿಕ್ಕನ್ನು ಮಗುಚಿ ಆಡುವುದನ್ನು ಅಭ್ಯಾಸ ಮಾಡಿ ಮಣಿಕಟ್ಟು ಹದವಾದವರಿಗೆ ಇದು ಬೇಗ ಹಿಡಿಸುತ್ತದೆ. ಹೆಲ್ಮೆಟ್, ಮಂಡಿ ಮತ್ತು ಮೊಣಕೈ ಕವಚ ಇಲ್ಲದೆ ಯಾರೂ ಇಳಿಯಬಾರದು. ಊರಿನ ಅಮ್ಮಂದಿರ ಭಯಕ್ಕೆ ಅರ್ಥವಿದೆ, ಹಿಂದಕ್ಕೆ ಬಿದ್ದರೆ ತಲೆಗೇ ಏಟು. ಬೀಳುತ್ತೇನೆ ಅನಿಸಿದಾಗ ಇನ್ನಷ್ಟು ಕುಗ್ಗಿ, ಮಂಡಿಯ ಮೇಲೆ ಮುಂದಕ್ಕೋ ತೊಡೆಯ ಪಕ್ಕಕ್ಕೋ ಬೀಳುವುದನ್ನು ಮೊದಲ ದಿನವೇ ಬೇಕೆಂದೇ ಬಿದ್ದು ಕಲಿಯಬೇಕು. ನಲವತ್ತು ದಾಟಿದವರು ರಕ್ತದೊತ್ತಡ, ಹೃದಯ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು. ಐಸ್ ಹಾಕಿಯಲ್ಲಿ ಒಬ್ಬರು ಮುಕ್ಕಾಲು ನಿಮಿಷದಷ್ಟು ಪೂರ್ತಿ ಬಲದಿಂದ ಓಡಿ ಬೆಂಚಿಗೆ ಬರುತ್ತಾರೆ, ಎದೆಬಡಿತ ಥಟ್ಟನೆ ಏರುತ್ತದೆ.

ಐಸೇ ಇಲ್ಲದ ನಾಡಿನವರಿಗೆ ಈ ಆಟ ಸಾಧ್ಯವೇ ಎಂಬುದಕ್ಕೆ ಲಡಾಖ್ ಅರ್ಧ ಉತ್ತರ ಕೊಡುತ್ತದೆ. ಭಾರತ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯನಾದದ್ದು 1989ರಲ್ಲಿ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಕೆರೆ ಕೊಳಗಳು ಗಟ್ಟಿಯಾಗಿರುವುದು ವರ್ಷಕ್ಕೆ ಎರಡು ತಿಂಗಳ ಮೇಲೆ ಸ್ವಲ್ಪ. ಆ ಎರಡು ತಿಂಗಳಿನ ಆಟದಿಂದಲೇ ಬೆಳೆದ ಲಡಾಖಿನ ಹೆಣ್ಣುಮಕ್ಕಳು 2016ರಲ್ಲಿ ಮೊದಲ ಸಲ ದೇಶದ ತಂಡವಾಗಿ ಹೊರಗೆ ಹೋದರು. ಮರುವರ್ಷ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4–3ರಿಂದ ಸೋಲಿಸಿ ಮೊದಲ ಗೆಲುವು ಕಂಡರು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಕಂಚು ತಂದರು. ವರ್ಷವಿಡೀ ಕೃತಕ ರಿಂಕು ಇರುವ ದೇಶಗಳ ನಡುವೆ ಗೆದ್ದ ಕಂಚು ಅದು. ಕನ್ನಡ ಪತ್ರಿಕೆಗಳಲ್ಲಿ ಅದಕ್ಕೆ ಇನ್ನಷ್ಟು ಜಾಗ ಸಿಗಬೇಕಿತ್ತು.

ಉಳಿದರ್ಧ ಉತ್ತರ ಸಿಂಧಘಟ್ಟದಂಥ ಊರಿನ ಸಿಮೆಂಟ್ ಅಂಗಳದಲ್ಲೂ ಸಿಗುತ್ತದೆ. ಕೆನಡಾದಿಂದ ಒಂದು ತಿಂಗಳ ರಜೆಗೆ ಬಂದವರು ಆಟ ಮರೆತುಹೋಗುತ್ತದೆ ಎಂದು ಕೊರಗಬೇಕಿಲ್ಲ. ಬಡಗಿಯ ಅಂಗಡಿಯಲ್ಲಿ ಉಳಿದ ಸನ್‌ಮೈಕಾ ಹಾಳೆಯೊಂದನ್ನು ನೆಲಕ್ಕೆ ಹಾಸಿದರೆ ಪಕ್ ಅದರ ಮೇಲೆ ಚೆನ್ನಾಗಿ ಜಾರುತ್ತದೆ. ಇಲ್ಲದಿದ್ದರೆ ಟೆನಿಸ್ ಚೆಂಡು, ಒಂದು ಗೋಡೆ. ಚೆಂಡನ್ನು ಎಡಕ್ಕೆ ಬಲಕ್ಕೆ ಆಡಿಸುತ್ತ ಕಣ್ಣನ್ನು ಎದುರಿನ ತೆಂಗಿನ ಮರದ ಮೇಲಿಡಬೇಕು, ಕೆಳಗೆ ನೋಡಬಾರದು. ತಲೆ ಎತ್ತಿ ಆಡುವುದು ದೊಡ್ಡವರಿಗೆ ಅತಿ ತಡವಾಗಿ ಬರುವ ವಿದ್ಯೆ, ಅದಕ್ಕೆ ಐಸ್ ಬೇಕಿಲ್ಲ. ಕಾಂಕ್ರೀಟ್ ರಸ್ತೆ ಖಾಲಿ ಇರುವ ಬೆಳಗಿನ ಹೊತ್ತು ಸಾಲುಗಾಲಿಯ ಸ್ಕೇಟ್ ಕಟ್ಟಿದರೆ ಮಂಡಿ ಮಡಚುವುದು, ಪಕ್ಕಕ್ಕೆ ತಳ್ಳುವುದು, ಒಂಟಿ ಕಾಲಿನ ಮೇಲೆ ಜಾರುವುದು ಎಲ್ಲವೂ ಪಳಗುತ್ತವೆ. ನಿಲ್ಲುವುದು ಮಾತ್ರ ಬೇರೆ. ಗಾಲಿ ನೆಲವನ್ನು ಐಸಿನಂತೆ ಕೆರೆಯುವುದಿಲ್ಲ, ಆದ್ದರಿಂದ ಹಿಮ್ಮಡಿಯ ಬ್ರೇಕು ಬಳಸಿ, ಐಸಿನ ನಿಲುಗಡೆಯನ್ನು ಐಸಿನ ಮೇಲೇ ಕಲಿಯಬೇಕು.

ಊರಿನಲ್ಲಿ ಇದಕ್ಕೆ ಅಡ್ಡಿಯಾಗುವುದು ಸಾಮಾನೂ ಅಲ್ಲ, ಜಾಗವೂ ಅಲ್ಲ, ಜನ ನೋಡುತ್ತಾರೆಂಬ ಸಂಕೋಚ. ನಮ್ಮ ಸೀಮೆಯಲ್ಲಿ ಹುಡುಗರಿಗೆ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಇದೆ. ಮದುವೆಯಾಗಿ ಮಕ್ಕಳಾದ ಮೇಲೆ ಗಂಡಸು ಪಂದ್ಯ ನೋಡಲು ನಿಲ್ಲುತ್ತಾನೆ, ಹೆಂಗಸಿಗೆ ಅದೂ ಇಲ್ಲ. ಕೊಡಗು ಇಲ್ಲಿಂದ ಮೈಸೂರಿನ ಆಚೆಗೇ ಇದೆ. ಅಲ್ಲಿ ಅತ್ತೆ ಡಿಫೆನ್ಸಿನಲ್ಲಿ, ಅಣ್ಣನ ಮಗ ಫಾರ್ವರ್ಡಿನಲ್ಲಿ ನಿಲ್ಲುವುದು ಸಾಧ್ಯವಾದರೆ ಕೆ.ಆರ್. ಪೇಟೆಯಲ್ಲಿ ಯಾಕಾಗಬಾರದು? ಸರ್ಕಾರಿ ಶಾಲೆಯ ಮೈದಾನ ಬೆಳಗ್ಗೆ ಏಳರವರೆಗೆ ಖಾಲಿ. ಹತ್ತು ಸ್ಟಿಕ್, ಒಬ್ಬ ಪಿಟಿ ಮೇಷ್ಟ್ರು ಅಥವಾ ಸೇನೆಯಿಂದ ನಿವೃತ್ತರಾಗಿ ಬಂದವರೊಬ್ಬರು ಸಿಕ್ಕರೆ ನಲವತ್ತು ದಾಟಿದವರ ತರಗತಿ ಶುರುಮಾಡಬಹುದು. ಗ್ರಾಮ ಪಂಚಾಯಿತಿಗಳು ಇದನ್ನು ಯೋಚಿಸಬೇಕು ಎಂದು ನಾನು ನಿಜಕ್ಕೂ ಬಯಸುತ್ತೇನೆ.

ಕಲಿಯುತ್ತಿದ್ದೇನೆಯೇ ಎಂದು ತಿಳಿಯಲು ಗೋಲುಗಳನ್ನು ಎಣಿಸಬೇಡಿ. ಹೊಸಬರಿಗೆ ಗೋಲು ಬರುವುದು ಬಹುಪಾಲು ಅದೃಷ್ಟದಿಂದ. ಮೂರು ತಿಂಗಳಿಗೊಮ್ಮೆ ಯಾರ ಕೈಗಾದರೂ ಫೋನ್ ಕೊಟ್ಟು ಐದು ನಿಮಿಷ ವಿಡಿಯೊ ತೆಗೆಸಿ, ಹಳೆಯದರ ಪಕ್ಕ ಇಟ್ಟು ನೋಡಿ. ಮಂಡಿ ಮೊದಲಿಗಿಂತ ಹೆಚ್ಚು ಮಡಚಿದೆಯೇ? ಚೆಂಡು ಸ್ಟಿಕ್ಕಿನಲ್ಲಿರುವಾಗ ತಲೆ ಎಷ್ಟು ಸಲ ಮೇಲೆದ್ದಿತು? ಬಂದ ಹತ್ತು ಪಾಸುಗಳಲ್ಲಿ ಎಷ್ಟು ನಿಂತವು? ಇನ್ನೂ ಒಂದನ್ನು ನೋಡಿ: ಪ್ರತಿಯೊಬ್ಬರಿಗೂ ಒಂದು ಕಡೆ ತಿರುಗಿ ನಿಲ್ಲುವುದು ಸಲೀಸು, ಇನ್ನೊಂದು ಕಡೆ ಕಷ್ಟ. ಬಾರದ ಕಡೆಯನ್ನು ಹೊಸಬರು ತಮಗೇ ಗೊತ್ತಿಲ್ಲದಂತೆ ತಪ್ಪಿಸುತ್ತಾ, ಸುತ್ತು ಬಳಸಿಯಾದರೂ ಬರುವ ಕಡೆಗೇ ತಿರುಗುತ್ತಾರೆ. ವಿಡಿಯೊದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಮುಂದಿನ ಮೂರು ತಿಂಗಳ ಅಭ್ಯಾಸವನ್ನು ಆ ಬಾರದ ಕಡೆಯಿಂದಲೇ ಶುರುಮಾಡಬೇಕು.